ಹಾಡಿನ ಡೀಮನ್‌ಗೆ ಕಾದು ಲಿನಕ್ಸ್ ಬೂಟ್ ನಿಂತಾಗ

ಲಾಗಿನ್ ಪರದೆ ಬರುವುದಿಲ್ಲ. ಕಪ್ಪು ಪರದೆಯಲ್ಲಿ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತವೆ, ಪಕ್ಕದಲ್ಲಿ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್ ಮ್ಯೂಸಿಕ್ ಪ್ಲೇಯರ್ ಡೀಮನ್’ ಎಂಬ ಸಾಲು ಇರುತ್ತದೆ, ಅದರ ಕೊನೆಯಲ್ಲಿ ಸೆಕೆಂಡುಗಳ ಲೆಕ್ಕ ಏರುತ್ತಿರುತ್ತದೆ. ಇದನ್ನು ಕಂಡವರು ಮೊದಲು ಮಾಡುವುದು ಎಂಪಿಡಿಯನ್ನೇ, ಅಂದರೆ ಹಿನ್ನೆಲೆಯಲ್ಲಿ ಹಾಡು ನುಡಿಸುವ ಈ ಮ್ಯೂಸಿಕ್ ಪ್ಲೇಯರ್ ಡೀಮನ್ ಪ್ರೋಗ್ರಾಮನ್ನೇ, ಕಿತ್ತುಹಾಕುವುದು. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎಷ್ಟೋ ಸಲ ಅದೇ 90 ಸೆಕೆಂಡಿನ ಕಾಯುವಿಕೆ ಇನ್ನೊಂದು ಹೆಸರಿನಲ್ಲಿ ಹಾಗೇ ಉಳಿಯುತ್ತದೆ.

ಬೂಟ್ ನಡೆಸುವ ಸಿಸ್ಟಮ್‌ಡಿ, ಸರ್ವಿಸ್‌ಗಳನ್ನು (ಹಿನ್ನೆಲೆ ಪ್ರೋಗ್ರಾಮ್‌ಗಳನ್ನು) ಒಟ್ಟೊಟ್ಟಿಗೆ ಶುರುಮಾಡುತ್ತದೆ. ಎಂಪಿಡಿಯನ್ನು ಸಾಮಾನ್ಯವಾಗಿ ಮಲ್ಟಿ-ಯೂಸರ್.ಟಾರ್ಗೆಟ್‌ಗೆ ಕಟ್ಟಿರುತ್ತಾರೆ (ಟಾರ್ಗೆಟ್ ಎಂದರೆ ಬೂಟ್‌ನ ಒಂದು ಹಂತ), ಅದೊಂದೇ ಒದ್ದಾಡಿದರೆ ಲಾಗಿನ್ ಪರದೆ ನಿಲ್ಲಬೇಕಾಗಿಲ್ಲ. ಲಾಗಿನ್ ಕೂಡ ನಿಂತಿದೆ ಎಂದರೆ ಎಂಪಿಡಿ ಯಾವುದಕ್ಕೆ ಕಾಯುತ್ತಿದೆಯೋ ಅದಕ್ಕೇ ಲಾಗಿನ್ ಸಹ ಕಾಯುತ್ತಿರಬೇಕು, ಇಲ್ಲವೇ ಯಾರೋ ಕೈಯಾರೆ ಬರೆದ ಯೂನಿಟ್ ಫೈಲ್ (ಸರ್ವಿಸ್ ಹೇಗೆ, ಯಾವಾಗ ಶುರುವಾಗಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಫೈಲ್) ಲಾಗಿನ್‌ಗೆ ಅಡ್ಡ ನಿಂತಿರಬೇಕು. ಯಾವುದು ಯಾವುದಕ್ಕೆ ಕಾಯುತ್ತಿದೆ ಎಂದು ಗೊತ್ತಾಗುವ ತನಕ ಏನನ್ನೂ ಅಳಿಸಬೇಡಿ.

ಕೆಳಗಿನ ಆಜ್ಞೆಗಳೆಲ್ಲ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಯೂನಿಟ್ ಫೈಲ್‌ನೊಳಗಿನ ಸೂಚನೆಗಳಲ್ಲಿ ಮಾತ್ರ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ಪದಗಳ ನಡುವೆ ಜಾಗವಿಲ್ಲ.

ಮೊದಲು ಒಳಗೆ ಹೋಗುವ ದಾರಿ

ಸಾಲಿನ ಕೊನೆಯಲ್ಲಿ ಗಡುವು 1 ನಿಮಿಷ 30 ಸೆಕೆಂಡ್ ಎಂದಿದ್ದರೆ ಸುಮ್ಮನೆ ಕಾಯಿರಿ. ಅದು ಸಿಸ್ಟಮ್‌ಡಿಯ ಮಾಮೂಲಿ ಗಡುವು. ಮುಗಿದ ಮೇಲೆ ಆ ಸರ್ವಿಸ್ ವಿಫಲವಾಯಿತೆಂದು ಬರೆದುಕೊಂಡು ಬೂಟ್ ಮುಂದೆ ಹೋಗುತ್ತದೆ. ‘ನೋ ಲಿಮಿಟ್’ ಎಂದಿದ್ದರೆ ಕಾದು ಪ್ರಯೋಜನವಿಲ್ಲ. ಒನ್‌ಶಾಟ್ ಬಗೆಯ, ಅಂದರೆ ಒಂದು ಕೆಲಸ ಮುಗಿಸಿ ನಿಲ್ಲುವ, ಸರ್ವಿಸ್‌ಗಳಿಗೆ ಶುರುವಾಗುವ ಗಡುವೇ ಇರುವುದಿಲ್ಲ, ರಾತ್ರಿಯಿಡೀ ಬಿಟ್ಟರೂ ಅಲ್ಲೇ ಇರುತ್ತದೆ.

ಅಂಥ ಹೊತ್ತಿನಲ್ಲಿ ಯಂತ್ರವನ್ನು ಆಫ್ ಮಾಡಿ ಆನ್ ಮಾಡಿ, ಗ್ರಬ್ (ಲಿನಕ್ಸನ್ನು ಲೋಡ್ ಮಾಡುವ ಬೂಟ್ ಲೋಡರ್) ಮೆನು ತನ್ನಿ. ಮೆನು ತಾನಾಗಿ ಕಾಣದಿದ್ದರೆ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್, ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್ ಒತ್ತಬೇಕು. ಬೂಟ್ ಆಗಬೇಕಾದ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಉದ್ದ ಸಾಲಿನಲ್ಲಿ ‘ಕ್ವಯಟ್’ ಮತ್ತು ‘ಸ್ಪ್ಲ್ಯಾಶ್’ ಅಳಿಸಿ, ಕೊನೆಗೆ ಇದನ್ನು ಸೇರಿಸಿ (ಮಾಸ್ಕ್ ಎಂದರೆ ಆ ಯೂನಿಟ್ ಶುರುವಾಗದಂತೆ ಮುಚ್ಚುವುದು):

ಸಿಸ್ಟಮ್‌ಡಿ.ಮಾಸ್ಕ್=ಎಂಪಿಡಿ.ಸರ್ವಿಸ್ ಸಿಸ್ಟಮ್‌ಡಿ.ಮಾಸ್ಕ್=ಎಂಪಿಡಿ.ಸಾಕೆಟ್

ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬೂಟ್ ಆಗುತ್ತದೆ. ಈ ಬದಲಾವಣೆ ಈ ಒಂದು ಬೂಟ್‌ಗೆ ಮಾತ್ರ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಸಾಕೆಟ್ ಅನ್ನು ಮರೆಯಬೇಡಿ. ಡೆಬಿಯನ್, ಉಬುಂಟುಗಳಲ್ಲಿ ಸರ್ವಿಸ್ ನಿಲ್ಲಿಸಿದರೂ 6600ನೇ ಪೋರ್ಟನ್ನು ಯಾರಾದರೂ ತಟ್ಟಿದ ಕೂಡಲೇ ಸಾಕೆಟ್ ಅದನ್ನು ಮತ್ತೆ ಎಬ್ಬಿಸುತ್ತದೆ.

ಮಾಸ್ಕ್ ಮಾಡಿದ ಮೇಲೂ ಬೂಟ್ ಅಷ್ಟೇ ಹೊತ್ತು ನಿಂತರೆ ಒಳ್ಳೆಯ ಸುಳಿವು ಸಿಕ್ಕಂತೆ: ಎಂಪಿಡಿ ನಿರಪರಾಧಿ.

ಒಂದು ಎಚ್ಚರಿಕೆ. ‘ಆಡಿಯೋಗೆ ಸಂಬಂಧಿಸಿದ್ದನ್ನೆಲ್ಲ ಮಾಸ್ಕ್ ಮಾಡಿಬಿಡಿ’ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ಪರದೆಯನ್ನು ಓದಿ ಹೇಳುವ ಓರ್ಕಾ ಸ್ಕ್ರೀನ್ ರೀಡರ್ ನೆಚ್ಚಿಕೊಂಡು ಕೆಲಸ ಮಾಡುವವರ ಯಂತ್ರದಲ್ಲಿ, ಅದಕ್ಕೆ ಮಾತು ಒದಗಿಸುವ ಸ್ಪೀಚ್-ಡಿಸ್ಪ್ಯಾಚರ್ ಮುಚ್ಚಿದರೆ ಅವರ ಪಾಲಿಗೆ ಪರದೆಯೇ ಆರಿಹೋದಂತೆ. ಬರಹವನ್ನು ಮಾತಾಗಿಸುವ ಈಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ದನಿಯೂ ಇದೆ, ಅದನ್ನು ದಿನವೂ ಬಳಸುವವರಿದ್ದಾರೆ. ಹೆಸರು ಹಿಡಿದು ಒಂದೊಂದನ್ನೇ ಮುಚ್ಚಿ.

ಯಾರು ಯಾರಿಗೆ ಕಾಯುತ್ತಿದ್ದಾರೆ

ಯಂತ್ರ ನಿಂತಿರುವಾಗಲೇ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಗ್ರಬ್ ಸಾಲಿನಲ್ಲಿ ಮಾಸ್ಕ್ ಬದಲು ಸಿಸ್ಟಮ್‌ಡಿ.ಡಿಬಗ್-ಶೆಲ್=1 ಸೇರಿಸಿ ಬೂಟ್ ಮಾಡಿ, ಕಂಟ್ರೋಲ್-ಆಲ್ಟ್-ಎಫ್9 ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ರೂಟ್ ಶೆಲ್ ಸಿಗುತ್ತದೆ. ಪಾಸ್‌ವರ್ಡ್ ಕೇಳದ ಶೆಲ್ ಆದ್ದರಿಂದ ಇದನ್ನು ಎಂದೂ ಕಾಯಂ ಮಾಡಬೇಡಿ. ಅಲ್ಲಿ ಹೀಗೆ ಕೇಳಿ:

ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್

‘ರನ್ನಿಂಗ್’ ಎಂದಿರುವ ಸಾಲುಗಳು ನಿಜವಾಗಿ ಸಿಕ್ಕಿಕೊಂಡವು, ‘ವೇಟಿಂಗ್’ ಎಂದಿರುವವು ಅವುಗಳ ಹಿಂದೆ ಸರದಿಯಲ್ಲಿ ನಿಂತವು. ಎಂಪಿಡಿಯ ಎದುರು ‘ವೇಟಿಂಗ್’, ಎಂಎನ್‌ಟಿ-ಸಂಗೀತ.ಮೌಂಟ್ (ಹಾಡುಗಳ ಡ್ರೈವನ್ನು ಜೋಡಿಸುವ ಯೂನಿಟ್) ಎದುರು ‘ರನ್ನಿಂಗ್’ ಎಂದಿದ್ದರೆ ಕಥೆ ಅಲ್ಲೇ ಮುಗಿಯಿತು, ತಪ್ಪು ಹಾಡಿನ ಡೀಮನ್‌ನದಲ್ಲ, ಹಾಡುಗಳಿರುವ ಡ್ರೈವ್‌ನದು.

ಬೂಟ್ ಮುಗಿದ ಮೇಲೆ ನೋಡುವುದಾದರೆ ‘ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್’ ಎಲ್ಲರಿಗೂ ಗೊತ್ತಿರುವ ಆಜ್ಞೆ. ಆದರೆ ಅದು ಯಾವ ಯೂನಿಟ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದಷ್ಟೇ ಹೇಳುತ್ತದೆ, ಯಾರಾದರೂ ಅದಕ್ಕೆ ಕಾದರೇ ಎಂದು ಹೇಳುವುದಿಲ್ಲ. ಬ್ಲೇಮ್ ಪಟ್ಟಿಯ ತುದಿಯಲ್ಲಿರುವುದನ್ನು ಕಿತ್ತು ಬೂಟ್ ಒಂದು ಸೆಕೆಂಡೂ ಬೇಗವಾಗದಿರುವುದು ಇದೇ ಕಾರಣಕ್ಕೆ. ಬೇಕಾದದ್ದು ಇದು:

ಸಿಸ್ಟಮ್‌ಡಿ-ಅನಲೈಸ್ ಕ್ರಿಟಿಕಲ್-ಚೈನ್ ಸಿಸ್ಟಮ್‌ಡಿ-ಯೂಸರ್-ಸೆಷನ್ಸ್.ಸರ್ವಿಸ್

ಲಾಗಿನ್‌ಗೆ ಬಾಗಿಲು ತೆರೆಯುವುದು ಈ ಯೂಸರ್-ಸೆಷನ್ಸ್ ಸರ್ವಿಸ್. ಪ್ರತಿ ಹೆಸರಿನ ಮುಂದೆ ‘@’ ಚಿಹ್ನೆಯ ಜೊತೆಗಿರುವುದು ಅದು ಸಕ್ರಿಯವಾದ ಹೊತ್ತು, ‘+’ ಜೊತೆಗಿರುವುದು ಅದು ತಿಂದ ಹೊತ್ತು. ದೊಡ್ಡ ‘+’ ಎಲ್ಲಿದೆ ನೋಡಿ. ಈ ಸರ್ವಿಸ್ ರಿಮೋಟ್-ಎಫ್‌ಎಸ್.ಟಾರ್ಗೆಟ್ (ನೆಟ್‌ವರ್ಕ್ ಡ್ರೈವ್‌ಗಳು ಸಿದ್ಧವಾಗುವ ಹಂತ) ಆದ ಮೇಲೇ ಶುರುವಾಗುವಂತೆ ಬರೆದಿದೆ. ಅಂದರೆ ಎಫ್‌ಎಸ್‌ಟ್ಯಾಬ್‌ನಲ್ಲಿರುವ (ಬೂಟ್‌ನಲ್ಲಿ ಜೋಡಿಸಬೇಕಾದ ಡ್ರೈವ್‌ಗಳ ಪಟ್ಟಿ, /ಇಟಿಸಿ/ಎಫ್‌ಎಸ್‌ಟ್ಯಾಬ್) ಒಂದು ಎನ್‌ಎಫ್‌ಎಸ್ ಶೇರ್ (ನೆಟ್‌ವರ್ಕ್ ಮೂಲಕ ಹಂಚಿದ ಫೋಲ್ಡರ್) ಸಿಗದಿದ್ದರೆ ಹಾಡಿನ ಡೀಮನ್ ಮತ್ತು ಲಾಗಿನ್ ಎರಡೂ ಒಂದೇ ಬಾಗಿಲ ಮುಂದೆ ನಿಲ್ಲುತ್ತವೆ. ಪರದೆಯಲ್ಲಿ ಹೆಸರು ಕಾಣುವುದು ಮಾತ್ರ ಒಮ್ಮೊಮ್ಮೆ ಡೀಮನ್‌ನದು. ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ ಮಾಡಿದಾಗ ‘ಸಿಸ್ಟಮ್ ಈಸ್ ಬೂಟಿಂಗ್ ಅಪ್, ಅನ್‌ಪ್ರಿವಿಲೆಜ್ಡ್ ಯೂಸರ್ಸ್ ಆರ್ ನಾಟ್ ಪರ್ಮಿಟೆಡ್ ಟು ಲಾಗ್ ಇನ್ ಯೆಟ್’ ಎಂದು ತಳ್ಳಿದರೆ, ಯೂಸರ್-ಸೆಷನ್ಸ್ ಇನ್ನೂ ಶುರುವಾಗಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಹಿಂದಿನ ಬೂಟ್‌ನ ದಾಖಲೆಗೆ:

ಜರ್ನಲ್‌ಸಿಟಿಎಲ್ -ಬಿ -1 -ಯು ಎಂಪಿಡಿ

ಹಿಂದಿನ ಬೂಟ್ ಸಿಗಲೇ ಇಲ್ಲವೆಂದರೆ ಜರ್ನಲ್ ಮೆಮೊರಿಯಲ್ಲಿ ಮಾತ್ರ ಉಳಿಯುತ್ತಿದೆ. /ವಾರ್/ಲಾಗ್/ಜರ್ನಲ್ ಎಂಬ ಡೈರೆಕ್ಟರಿ ಮಾಡಿ ಒಮ್ಮೆ ರೀಬೂಟ್ ಮಾಡಿದರೆ ಅಲ್ಲಿಂದ ಮುಂದಿನದು ಡಿಸ್ಕಿನಲ್ಲಿ ಉಳಿಯುತ್ತದೆ.

ಹಾಡುಗಳು ಬೇರೆ ಡ್ರೈವ್‌ನಲ್ಲಿದ್ದರೆ

ಹೆಚ್ಚಿನ ಪ್ರಕರಣಗಳ ಮೂಲ ಇದು. ಎಂಪಿಡಿ ಶುರುವಾಗುವಾಗಲೇ ಮ್ಯೂಸಿಕ್_ಡೈರೆಕ್ಟರಿ (ಅದರ ಕಾನ್ಫಿಗ್‌ನಲ್ಲಿ ಕೊಟ್ಟ ಹಾಡುಗಳ ಜಾಗ) ಓದಲು ಸಿಗುತ್ತದೆಯೇ ಎಂದು ಪರೀಕ್ಷಿಸುತ್ತದೆ. ಅದು ನೆಟ್‌ವರ್ಕ್ ಶೇರ್ ಆಗಿದ್ದು ಸರ್ವರ್ ಮಾತಾಡದಿದ್ದರೆ ಆ ಪರೀಕ್ಷೆಯೇ ಮುಗಿಯುವುದಿಲ್ಲ. ಎನ್‌ಎಫ್‌ಎಸ್ ಪೂರ್ವನಿಯೋಜಿತವಾಗಿ ‘ಹಾರ್ಡ್’ ಮೌಂಟ್. ಸರ್ವರ್ ಉತ್ತರಿಸುವ ತನಕ ಬಿಡದೆ ಕೇಳುತ್ತಲೇ ಇರುತ್ತದೆ. ಡಿಬಗ್ ಶೆಲ್‌ನಲ್ಲಿ ಹೀಗೆ ನೋಡಿ:

ಪಿಎಸ್ -ಇಒ ಪಿಐಡಿ,ಸ್ಟ್ಯಾಟ್,ಡಬ್ಲ್ಯುಚ್ಯಾನ್:30,ಸಿಎಂಡಿ

ಎರಡನೇ ಕಾಲಮ್‌ನಲ್ಲಿ ಎಂಪಿಡಿ ಎದುರು ದೊಡ್ಡಕ್ಷರದ ‘ಡಿ’ ಇದ್ದು, ಪಕ್ಕದಲ್ಲಿ ಎನ್‌ಎಫ್‌ಎಸ್ ಅಥವಾ ಆರ್‌ಪಿಸಿ ಎಂದು ಶುರುವಾಗುವ ಹೆಸರಿದ್ದರೆ ಅದು ಕರ್ನಲ್‌ನೊಳಗೆ ಸಿಕ್ಕಿಕೊಂಡಿದೆ. 120 ಸೆಕೆಂಡ್ ದಾಟಿದರೆ ‘ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್’ ಎಂದು ಕರ್ನಲ್ ತಾನೇ ದೂರುವುದೂ ಉಂಟು.

ಪರಿಹಾರ ಎಫ್‌ಎಸ್‌ಟ್ಯಾಬ್‌ನಲ್ಲಿದೆ. ಸಾಲು ಹೀಗಿರಲಿ, ವಿಳಾಸ ಮತ್ತು ದಾರಿ ನಿಮ್ಮವು:

192.168.1.20:/ಸಂಗೀತ /ಎಂಎನ್‌ಟಿ/ಸಂಗೀತ ಎನ್‌ಎಫ್‌ಎಸ್ ಆರ್‌ಒ,ನೋಫೇಲ್,_ನೆಟ್‌ಡೆವ್,ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್=10 0 0

ನೋಫೇಲ್ ಇದ್ದರೆ ಶೇರ್ ಸಿಗದಿದ್ದರೂ ರಿಮೋಟ್-ಎಫ್‌ಎಸ್.ಟಾರ್ಗೆಟ್ ಅದಕ್ಕಾಗಿ ಕಾಯುವುದಿಲ್ಲ, ಹಾಗಾಗಿ ಲಾಗಿನ್ ಬಿಡುಗಡೆಯಾಗುತ್ತದೆ. ಮೌಂಟ್-ಟೈಮ್‌ಔಟ್ 90ನ್ನು 10 ಸೆಕೆಂಡಿಗೆ ಇಳಿಸುತ್ತದೆ. ಬದಲಿಸಿದ ಮೇಲೆ ‘ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಡಿ. ಆಮೇಲೆ ‘ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಎಂಪಿಡಿ.ಸರ್ವಿಸ್’ ತೆರೆದು ಇಷ್ಟು ಬರೆಯಿರಿ:

[ಯೂನಿಟ್]
ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಎಂಎನ್‌ಟಿ/ಸಂಗೀತ

[ಸರ್ವಿಸ್]
ಟೈಮ್‌ಔಟ್‌ಸ್ಟಾರ್ಟ್‌ಸೆಕ್=20

ಈಗ ಮೌಂಟ್ ಸಿಕ್ಕರೆ ಮಾತ್ರ ಎಂಪಿಡಿ ಏಳುತ್ತದೆ. ಸಿಗದಿದ್ದರೆ ‘ಡಿಪೆಂಡೆನ್ಸಿ ಫೇಲ್ಡ್’ ಎಂದು ಬೇಗ ಕೈಬಿಡುತ್ತದೆ. ಎಷ್ಟೋ ಮಾರ್ಗದರ್ಶಿಗಳು ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್ (ಯಾರಾದರೂ ಮುಟ್ಟಿದಾಗಷ್ಟೇ ಮೌಂಟ್ ಮಾಡುವ ಆಯ್ಕೆ) ಒಂದನ್ನೇ ಹಾಕಿ ಎನ್ನುತ್ತವೆ. ಅದು ಲಾಗಿನ್ನನ್ನು ಬಿಡಿಸುತ್ತದೆ ನಿಜ, ಆದರೆ ಡೈರೆಕ್ಟರಿಯನ್ನು ಮೊದಲು ಮುಟ್ಟುವುದು ಎಂಪಿಡಿಯೇ ಆದ್ದರಿಂದ ಕಾಯುವ ಹೊರೆ ಪೂರ್ತಿ ಅದರ ತಲೆಗೆ ಬೀಳುತ್ತದೆ. ಆಟೋಮೌಂಟ್ ಬೇಕೇ ಬೇಕೆಂದರೆ ಮೌಂಟ್-ಟೈಮ್‌ಔಟ್ ಜೊತೆಗೇ ಹಾಕಿ.

ಯುಎಸ್‌ಬಿ ಹಾರ್ಡ್ ಡಿಸ್ಕ್ ಆದರೆ ಪರಿಣಾಮ ಇನ್ನೂ ಕಠಿಣ. ಅದು ಲೋಕಲ್-ಎಫ್‌ಎಸ್.ಟಾರ್ಗೆಟ್‌ಗೆ ಸೇರುತ್ತದೆ; ನೋಫೇಲ್ ಇಲ್ಲದೆ ಡಿಸ್ಕ್ ಕಿತ್ತು ಬೂಟ್ ಮಾಡಿದರೆ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಅಲ್ಲಿ ನೋಫೇಲ್ ಜೊತೆ ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=5 ಹಾಕಿ.

ವೈಫೈ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ತೊಡಕಿದೆ. ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್ ಎಂದರೆ ನೆಟ್‌ವರ್ಕ್ ಸಿಕ್ಕಿದೆ ಎಂದಲ್ಲ. ವೈಫೈ ಪಾಸ್‌ವರ್ಡ್ ನಿಮ್ಮ ಖಾತೆಯಲ್ಲಿ ಮಾತ್ರ ಉಳಿದಿದ್ದರೆ ನೀವು ಲಾಗಿನ್ ಆಗುವ ತನಕ ಸಂಪರ್ಕವೇ ಬರುವುದಿಲ್ಲ, ಬೂಟ್‌ನಲ್ಲಿ ಆ ಮೌಂಟ್ ಎಂದಿಗೂ ಗೆಲ್ಲುವುದಿಲ್ಲ. ಸಂಪರ್ಕದ ಸೆಟ್ಟಿಂಗ್‌ನಲ್ಲಿ ಎಲ್ಲ ಬಳಕೆದಾರರಿಗೂ ಲಭ್ಯ ಎಂಬುದನ್ನು ಟಿಕ್ ಮಾಡಿ.

90 ಸೆಕೆಂಡ್ ಹಾಡಿ ಸಾಯುವ ಡೀಮನ್

ಇದರ ಗುರುತು ವಿಚಿತ್ರ. ಬೂಟ್ ನಿಂತಿರುವಾಗಲೇ ಹಾಡು ಕೇಳುತ್ತಿರುತ್ತದೆ, ಇನ್ನೊಂದು ಯಂತ್ರದಿಂದ ಎಂಪಿಸಿ (ಎಂಪಿಡಿಯನ್ನು ನಿಯಂತ್ರಿಸುವ ಪ್ರೋಗ್ರಾಮ್) ಆಜ್ಞೆ ಕೊಟ್ಟರೆ ಉತ್ತರವೂ ಬರುತ್ತದೆ. ಸರಿಯಾಗಿ 90 ಸೆಕೆಂಡಿಗೆ ಹಾಡು ತುಂಡಾಗುತ್ತದೆ, ಜರ್ನಲ್‌ನಲ್ಲಿ ‘ಸ್ಟಾರ್ಟ್ ಆಪರೇಷನ್ ಟೈಮ್ಡ್ ಔಟ್, ಟರ್ಮಿನೇಟಿಂಗ್’ ಎಂದಿರುತ್ತದೆ. ಡೀಮನ್ ಚೆನ್ನಾಗಿಯೇ ಇದೆ. ತಾನು ಸಿದ್ಧ ಎಂದು ಅದು ಹೇಳುವ ಬಗೆ ಮತ್ತು ಸಿಸ್ಟಮ್‌ಡಿ ನಿರೀಕ್ಷಿಸುವ ಬಗೆ ಹೊಂದುತ್ತಿಲ್ಲ, ಅಷ್ಟೆ.

‘ಸಿಸ್ಟಮ್‌ಸಿಟಿಎಲ್ ಕ್ಯಾಟ್ ಎಂಪಿಡಿ.ಸರ್ವಿಸ್’ ಕೊಟ್ಟು ಎರಡು ಸಾಲು ಹೋಲಿಸಿ. ಟೈಪ್=ನೋಟಿಫೈ ಇದ್ದರೆ ಎಕ್ಸೆಕ್‌ಸ್ಟಾರ್ಟ್‌ನಲ್ಲಿ --ಸಿಸ್ಟಮ್‌ಡಿ ಇರಬೇಕು. ಟೈಪ್=ಸಿಂಪಲ್ ಇದ್ದರೆ --ನೋ-ಡೀಮನ್. ಟೈಪ್=ಫೋರ್ಕಿಂಗ್ ಜೊತೆಗೆ --ನೋ-ಡೀಮನ್ ಇದ್ದರೆ ಕಾರಣ ಸಿಕ್ಕಿತು: ಪ್ರೋಗ್ರಾಮ್ ಕವಲೊಡೆದು ಹಿನ್ನೆಲೆಗೆ ಹೋಗಲಿ ಎಂದು ಸಿಸ್ಟಮ್‌ಡಿ ಕಾಯುತ್ತದೆ, ಅದು ಹೋಗುವುದೇ ಇಲ್ಲ. ಸಾಮಾನ್ಯವಾಗಿ ಇಂಥ ಫೈಲ್ ಹಳೆಯ ಟಿಪ್ಪಣಿ ನೋಡಿ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಅಡಿ ಎಂದೋ ಇಟ್ಟದ್ದು. ಅಲ್ಲಿರುವ ನಕಲು, ಪ್ಯಾಕೇಜಿನ ಜೊತೆ ಬಂದ ಮೂಲ ಫೈಲನ್ನು ಮರೆಮಾಡುತ್ತದೆ. ಬದಲಾವಣೆ ಎಲ್ಲಿದೆಯೆಂದು ‘ಸಿಸ್ಟಮ್‌ಡಿ-ಡೆಲ್ಟಾ’ ತೋರಿಸುತ್ತದೆ. ‘ಸುಡೋ ಸಿಸ್ಟಮ್‌ಸಿಟಿಎಲ್ ರಿವರ್ಟ್ ಎಂಪಿಡಿ.ಸರ್ವಿಸ್’ ಕೊಟ್ಟರೆ ಮೂಲಕ್ಕೆ ಮರಳುತ್ತದೆ. ಮೇಲೆ ಎಡಿಟ್‌ನಲ್ಲಿ ಸೇರಿಸಿದ್ದೂ ಅದರೊಂದಿಗೆ ಹೋಗುತ್ತದೆ, ಮತ್ತೆ ಬರೆಯಬೇಕು.

ಕೈಯಾರೆ ಬರೆದ ಯೂನಿಟ್‌ಗಳಲ್ಲಿ ಮೂರು ವಿಷಯ ಹುಡುಕಿ. ಬಿಫೋರ್=ಡಿಸ್ಪ್ಲೇ-ಮ್ಯಾನೇಜರ್.ಸರ್ವಿಸ್ ಇದ್ದರೆ ತೆಗೆಯಿರಿ, ಹಾಡಿಗೆ ಆ ಅಧಿಕಾರ ಬೇಡ. ಸರ್ವರ್ ಪಿಂಗ್‌ಗೆ ಉತ್ತರಿಸುವ ತನಕ ಸುತ್ತುವ ಎಕ್ಸೆಕ್‌ಸ್ಟಾರ್ಟ್‌ಪ್ರೀ ಸಾಲು ಒನ್‌ಶಾಟ್ ಯೂನಿಟ್‌ನಲ್ಲಿದ್ದರೆ ಬೂಟ್ ಕೊನೆಯಿಲ್ಲದೆ ನಿಲ್ಲಬಹುದು. ಯೂನಿಟ್‌ನೊಳಗಿನಿಂದ ಇನ್ನೊಂದು ಸರ್ವಿಸ್‌ಗೆ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಕೊಟ್ಟಿದ್ದು, ಆ ಸರ್ವಿಸ್ ಇದಕ್ಕೇ ಕಾಯುತ್ತಿದ್ದರೆ ಎರಡೂ ಪರಸ್ಪರ ಕಾಯುತ್ತ ಕೂರುತ್ತವೆ; ಕೊಡಲೇಬೇಕಿದ್ದರೆ --ನೋ-ಬ್ಲಾಕ್ ಸೇರಿಸಿ.

ಡೆಸ್ಕ್‌ಟಾಪ್‌ನಲ್ಲಿ ಎಂಪಿಡಿಗೆ ಸರಿಯಾದ ಜಾಗ

ನೀವೊಬ್ಬರೇ ಬಳಸುವ ಯಂತ್ರದಲ್ಲಿ ಎಂಪಿಡಿ ಸಿಸ್ಟಮ್ ಸರ್ವಿಸ್ ಆಗಿ ಇರಬೇಕಾಗಿಯೇ ಇಲ್ಲ. ದನಿಯನ್ನು ಸ್ಪೀಕರ್‌ಗೆ ಮುಟ್ಟಿಸುವ ಪೈಪ್‌ವೈರ್ ಮತ್ತು ಪಲ್ಸ್‌ಆಡಿಯೋ ನಡೆಯುವುದು ನಿಮ್ಮ ಸೆಷನ್ನಿನೊಳಗೆ; ‘ಎಂಪಿಡಿ’ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುವ ಡೀಮನ್‌ಗೆ ಅವು ಸಿಗುವುದೂ ಕಷ್ಟ. ಹೀಗೆ ಸ್ಥಳಾಂತರಿಸಿ:

ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಎಂಪಿಡಿ.ಸರ್ವಿಸ್ ಎಂಪಿಡಿ.ಸಾಕೆಟ್
ಸಿಸ್ಟಮ್‌ಸಿಟಿಎಲ್ --ಯೂಸರ್ ಎನೇಬಲ್ --ನೌ ಎಂಪಿಡಿ.ಸರ್ವಿಸ್

ಎರಡನೆಯದಕ್ಕೆ ಸುಡೋ ಬೇಡ. ಅದಕ್ಕೂ ಮೊದಲು ಕಾನ್ಫಿಗ್ ಫೈಲನ್ನು ಹೋಮ್‌ನ .ಕಾನ್ಫಿಗ್/ಎಂಪಿಡಿ/ಎಂಪಿಡಿ.ಕಾನ್ಫ್ ಎಂದು ನಕಲು ಮಾಡಿ, ‘ಯೂಸರ್’ ಸಾಲು ತೆಗೆದು, ಡಿಬಿ_ಫೈಲ್ ಮತ್ತು ಸ್ಟೇಟ್_ಫೈಲ್‌ಗಳಿಗೆ ನೀವು ಬರೆಯಬಲ್ಲ ಜಾಗ ಕೊಡಿ. ಇನ್ನು ಮೇಲೆ ಎಂಪಿಡಿ ಎಷ್ಟೇ ಒದ್ದಾಡಿದರೂ ಬೂಟ್‌ಗೆ ತಾಗುವುದಿಲ್ಲ. ಲಾಗಿನ್ ಇಲ್ಲದೆಯೂ ಹಾಡಬೇಕಾದ ಯಂತ್ರವಾದರೆ ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಕೊಡಿ.

ಪಾಸ್‌ವರ್ಡ್ ಹಾಕಿದ ಮೇಲೆ ಪರದೆ ಕಪ್ಪಾಗಿ ನಿಂತರೆ ಅದು ಬೂಟ್ ಸಮಸ್ಯೆ ಅಲ್ಲ, ಸೆಷನ್ನಿನದು. ಕಂಟ್ರೋಲ್-ಆಲ್ಟ್-ಎಫ್3ರಲ್ಲಿ ಲಾಗಿನ್ ಆಗಿ ‘ಜರ್ನಲ್‌ಸಿಟಿಎಲ್ --ಯೂಸರ್ -ಬಿ -ಯು ವೈರ್‌ಪ್ಲಂಬರ್’ ನೋಡಿ (ವೈರ್‌ಪ್ಲಂಬರ್ ಪೈಪ್‌ವೈರ್‌ನ ನಿರ್ವಾಹಕ). ಶಂಕೆ ಬಂದರೆ ಹೋಮ್‌ನ .ಲೋಕಲ್/ಸ್ಟೇಟ್/ವೈರ್‌ಪ್ಲಂಬರ್ ಡೈರೆಕ್ಟರಿಯ ಹೆಸರು ಬದಲಿಸಿ ಮತ್ತೆ ಲಾಗಿನ್ ಆಗಿ. ಅದು ಹೊಸದಾಗಿ ಹುಟ್ಟುತ್ತದೆ, ಹೋಗುವುದು ಉಳಿಸಿಟ್ಟ ವಾಲ್ಯೂಮ್ ಮತ್ತು ಆಯ್ದ ಸ್ಪೀಕರ್ ಮಾತ್ರ. ಸೌಂಡ್ ಕಾರ್ಡ್ ಡ್ರೈವರ್ ಮೇಲೆಯೇ ಅನುಮಾನವಿದ್ದರೆ ಗ್ರಬ್ ಸಾಲಿನಲ್ಲಿ ಮಾಡ್‌ಪ್ರೋಬ್.ಬ್ಲ್ಯಾಕ್‌ಲಿಸ್ಟ್=ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಹಾಕಿ ಒಮ್ಮೆ ಬೂಟ್ ಮಾಡಿ ಹೋಲಿಸಿ.

ಸರಿಹೋಯಿತು ಎನ್ನುವ ಮೊದಲು ಕೆಟ್ಟ ಸ್ಥಿತಿಯಲ್ಲೇ ಪರೀಕ್ಷಿಸಿ. ಹಾಡಿನ ಸರ್ವರ್ ಆಫ್ ಮಾಡಿ, ಲ್ಯಾನ್ ಕೇಬಲ್ ತೆಗೆದು ಬೂಟ್ ಮಾಡಿ. ಲಾಗಿನ್ ಪರದೆ ಎಂದಿನಂತೆ ಬರಬೇಕು, ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಪಟ್ಟಿಯಲ್ಲಿ ಮೌಂಟ್ ಕಾಣಬೇಕು. ಆಮೇಲೆ ಕೇಬಲ್ ಹಾಕಿ ಸರ್ವರ್ ಆನ್ ಮಾಡಿ, ಎಂಪಿಡಿಯನ್ನು ಸ್ಟಾರ್ಟ್ ಮಾಡಿ. ಎಂಪಿಡಿಯನ್ನು ಸಿಸ್ಟಮ್ ಸರ್ವಿಸ್ ಆಗಿಯೇ ಉಳಿಸಿಕೊಂಡಿದ್ದರೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಮೌಂಟನ್ನೂ ತಾನೇ ಎಳೆದು ತರುತ್ತದೆ. ಯೂಸರ್ ಸರ್ವಿಸ್‌ಗೆ ಆ ಅಧಿಕಾರವಿಲ್ಲ. ಅಲ್ಲಿ ಮೊದಲು ‘ಸುಡೋ ಮೌಂಟ್ /ಎಂಎನ್‌ಟಿ/ಸಂಗೀತ’ ಕೊಡಬೇಕು, ಇಲ್ಲವೇ ಎಫ್‌ಎಸ್‌ಟ್ಯಾಬ್ ಸಾಲಿಗೆ ಆಟೋಮೌಂಟ್ ಸೇರಿಸಬೇಕು.