ಬಳಿಯುವುದು ಕಪ್ಪು, ಆವಿಗೆಯಿಂದ ಬರುವುದು ನೀಲಿ

ಬಿಳಿ ಪಿಂಗಾಣಿ ಮೇಲೆ ನೀಲಿ ಚಿತ್ರ ಇರುವ ಚೀನಾ ಹೂದಾನಿಗಳನ್ನು ನೋಡಿರುತ್ತೀರಿ, ಅಲ್ವಾ? ಅದನ್ನು ಬರೆದವನ ಬಟ್ಟಲಲ್ಲಿ ನೀಲಿ ಇರಲೇ ಇಲ್ಲ. ಇದ್ದದ್ದು ಮಸಿಯಂಥ ಬೂದುಗಪ್ಪು ನೀರು. 14ನೇ ಶತಮಾನದಲ್ಲಿ ಜಿಂಗ್‌ಡೆಝೆನ್ ಊರಿನ ಕುಂಬಾರರು ಇದನ್ನು ಮಾಡುತ್ತಿದ್ದ ಬಗೆ ಹೀಗೆ.

ಮೊದಲು ಕೋಬಾಲ್ಟ್ ಅದಿರನ್ನು ನುಣ್ಣಗೆ ಅರೆದು ನೀರಲ್ಲಿ ಕಲಸಬೇಕು. ಆಗ ಒಳ್ಳೆಯ ಅದಿರು ಪರ್ಷಿಯಾ ಕಡೆಯಿಂದ ಬರುತ್ತಿತ್ತು. ಅದರಲ್ಲಿ ಕಬ್ಬಿಣ ಜಾಸ್ತಿ, ಮ್ಯಾಂಗನೀಸ್ ಕಡಿಮೆ. ಚೀನಾದ ಅದಿರಿನಲ್ಲಿ ಮ್ಯಾಂಗನೀಸ್ ಜಾಸ್ತಿ, ಹಾಗಾಗಿ ನೀಲಿ ಸ್ವಲ್ಪ ಬೂದು ತಿರುಗುತ್ತದೆ.

ಆಮೇಲೆ ಚಿತ್ರ. ಪಾತ್ರೆ ಒಣಗಿರುತ್ತದೆ, ಆದರೆ ಇನ್ನೂ ಸುಟ್ಟಿರುವುದಿಲ್ಲ. ಕುಂಚ ತಾಗಿದ ತಕ್ಷಣ ಮಣ್ಣು ನೀರನ್ನು ಸರಕ್ಕನೆ ಹೀರಿಬಿಡುತ್ತದೆ. ಕೈ ಒಂದು ಕ್ಷಣ ತಡೆದು ನಿಂತರೂ ಅಲ್ಲಿ ಬಣ್ಣ ದಟ್ಟವಾಗುತ್ತದೆ, ಒರೆಸಿ ಮತ್ತೆ ಬರೆಯೋ ಮಾತೇ ಇಲ್ಲ.

ಇದರ ಮೇಲೆ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ. ಪಿಂಗಾಣಿ ಕಲ್ಲಿನ ಪುಡಿಗೆ, ಸುಣ್ಣದ ಕಲ್ಲನ್ನು ಜರೀಗಿಡದ ಜೊತೆ ಸುಟ್ಟು ಮಾಡಿದ ಬೂದಿ ಬೆರೆಸುತ್ತಾರೆ. ಈ ಸುಣ್ಣದಿಂದಲೇ ಗ್ಲೇಜ್ ಬೇಗ ಕರಗುವುದು. ಬಳಿದಾಗ ಚಿತ್ರ ಬಿಳಿ ಪದರದಡಿ ಮುಚ್ಚಿಹೋಗುತ್ತದೆ.

ಈಗ ಆವಿಗೆ, ಅಂದರೆ ಪಾತ್ರೆ ಸುಡುವ ಗೂಡು. ಬಿಸಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಪದರ ಕರಗಿ ಪಾರದರ್ಶಕ ಗಾಜಾಗುತ್ತದೆ, ಕೋಬಾಲ್ಟ್ ಅದರೊಳಗೆ ಕರಗುತ್ತದೆ. ಒಂದೊಂದು ಕೋಬಾಲ್ಟ್ ಅಯಾನು (ವಿದ್ಯುದಾವೇಶವಿರುವ ಪರಮಾಣು) ನಾಲ್ಕು ಆಮ್ಲಜನಕಗಳ ನಡುವೆ ಸಿಕ್ಕಿಕೊಂಡು, ಬೆಳಕಿನಲ್ಲಿರುವ ಕೆಂಪು, ಕಿತ್ತಳೆ, ಹಳದಿಯನ್ನೆಲ್ಲ ನುಂಗಿ ನೀಲಿಯನ್ನು ಮಾತ್ರ ಬಿಡುತ್ತದೆ. ಗಾಜಿನಲ್ಲಿ ಶೇ. 1ಕ್ಕಿಂತ ಕಡಿಮೆ ಕೋಬಾಲ್ಟ್ ಇದ್ದರೂ ಬಣ್ಣ ಚೆನ್ನಾಗಿಯೇ ಬರುತ್ತದೆ. ಕುಂಚ ತಡೆದಿದ್ದ ಜಾಗದಲ್ಲಿ ಕಬ್ಬಿಣ ಪೂರ್ತಿ ಕರಗದೆ ಮೇಲೆ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಮಜಾ ಅಂದರೆ, 18ನೇ ಶತಮಾನದ ಕುಂಬಾರರು ಹಳೆಯ ಪಾತ್ರೆಯ ಹಾಗೆ ಕಾಣಲಿ ಅಂತ ಈ ಚುಕ್ಕೆಗಳನ್ನು ಬೇಕಂತಲೇ ಕುಂಚದಿಂದ ಇಟ್ಟರು!

ಹೊಗೆ ಕಟ್ಟಿಸಿ ಗಾಳಿ ಕಡಿಮೆ ಮಾಡಿದರೆ ಗ್ಲೇಜ್‌ನ ಚೂರುಪಾರು ಕಬ್ಬಿಣವೂ ತೆಳು ನೀಲಿಗೆ ತಿರುಗುತ್ತದೆ. ಗಾಳಿ ಜಾಸ್ತಿಯಾದರೆ ಹಳದಿ ಛಾಯೆ. ಚೀನಾದ ಇನ್ನೊಂದು ಊರು ಲಾಂಗ್‌ಚುವಾನ್‌ನ ಹಸಿರು ಪಾತ್ರೆಗಳ ಹಸಿರು ಕೂಡ ಇದೇ ಕಬ್ಬಿಣದ್ದು.

ಕೋಬಾಲ್ಟ್ ಮಾತ್ರ ಹಟಮಾರಿ. ಗಾಳಿ ಹೆಚ್ಚಿರಲಿ ಕಡಿಮೆ ಇರಲಿ, ಅದು ನೀಲಿಯೇ. ಜಿಂಗ್‌ಡೆಝೆನ್‌ನವರು ತಾಮ್ರದಿಂದ ಕೆಂಪು ಚಿತ್ರವನ್ನೂ ಬರೆದು ನೋಡಿದರು. ತಾಮ್ರ ಅಷ್ಟು ಬಿಸಿಗೆ ಆವಿಯಾಗಿ ಹಾರುತ್ತದೆ, ಗಾಳಿ ಹೆಚ್ಚಾದರೆ ಹಸಿರಾಗುತ್ತದೆ. ಹಾಗಾಗಿ ಕೆಂಪು ಹೂವು ಬರೆದು ಒಳಗಿಟ್ಟವನಿಗೆ ಎಷ್ಟೋ ಸಲ ಸಿಕ್ಕಿದ್ದು ಬೂದು ಹೂವು.