ನಾವು ಕ್ಲಾಸಲ್ಲಿ ಇಲ್ಲದಿದ್ದರೂ ನಡೆಯುತ್ತಾ?

ಪಾಠದಿಂದ ಮಕ್ಕಳಲ್ಲಿ ಏನಾದರೂ ಬದಲಾಯಿತಾ ಅಂತ ಅಳೆಯುವ ನನ್ನ ಫಾರಂ ನೋಡಿ ಎರಡು ವರ್ಷ ನಕ್ಕವರೇ ಈಗ ಫೋನ್ ಮಾಡಿ 'ಅದನ್ನ ಸ್ವಲ್ಪ ಕಳಿಸಿ ಸಾರ್' ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಗಳಲ್ಲಿ ತಂಬಾಕು, ಕುಡಿತ, ಸೊಲ್ಯೂಷನ್ (ಮತ್ತಿಗಾಗಿ ಮೂಸುವ ಅಂಟಿನಂಥದ್ದು) ತಡೆಯುವ ಕೆಲಸ ಮಾಡುವವರಿಗೆ ಪಾಠ, ಆಟ, ಕೈಪಿಡಿ ಬಗ್ಗೆ ನಾನು ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ಬೆಂಗಳೂರಿನ ಹತ್ತು ಹನ್ನೆರಡು ಶಾಲೆಗಳಲ್ಲಿ ಚೆನ್ನಾಗಿ ನಡೆದದ್ದನ್ನು ಇನ್ನೂರು ಶಾಲೆಗೆ ಒಯ್ಯಬಹುದಾ?

ದುಡ್ಡು ಕೊಡುವವರಿಗೆ ಅದು ಪ್ರಶ್ನೆಯೇ ಅಲ್ಲ. 'ಮಕ್ಕಳು ಚಪ್ಪಾಳೆ ಹೊಡೀತಾರೆ, ಫೋಟೋ ಚೆನ್ನಾಗಿ ಬಂದಿದೆ, ಇನ್ನೇನು ಬೇಕು?' ಅವರಿಗೆ ನಾನು ಅಮೆರಿಕದ ಡೇರ್ ಅನ್ನೋ, ಶಾಲೆಗಳಲ್ಲಿ ಡ್ರಗ್ ತಡೆಯುವ ಕಾರ್ಯಕ್ರಮದ ಕಥೆ ಹೇಳಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತು, ಪೊಲೀಸರೇ ಪಾಠ ಮಾಡುತ್ತಾ ದೇಶವೆಲ್ಲಾ ಹರಡಿತು. ಆಮೇಲೆ ಅಳೆದು ನೋಡಿದರೆ ಆ ಪಾಠದಿಂದ ಮಕ್ಕಳ ಚಟಕ್ಕೆ ಹೆಚ್ಚುಕಡಿಮೆ ಏನೂ ಆಗಿರಲಿಲ್ಲ. ತಲೆ ಆಡಿಸಿದರು. ಆಮೇಲೆ ಅಳತೆಗೆ ಅಂತ ಹಾಕಿದ್ದ ಸುಮಾರು ನಾಲ್ಕು ಲಕ್ಷವನ್ನು ಒಂದೂವರೆಗೆ ಇಳಿಸಿದರು.

ಯಾವ ಶಾಲೆಗೆ ಈ ವರ್ಷ, ಯಾವುದಕ್ಕೆ ಮುಂದಿನ ವರ್ಷ ಅನ್ನೋದನ್ನ ಹೆಡ್‌ಮಾಸ್ಟರ್‌ಗಳ ಎದುರೇ ಚೀಟಿ ಎತ್ತಿ ತೀರ್ಮಾನ ಮಾಡಿದೆವು. ಇದರಿಂದ ಶಿಫಾರಸು ಫೋನ್‌ಗಳು ನಿಂತವು. ಕಾಯುವ ಶಾಲೆಗಳೇ ನಮಗೆ ಹೋಲಿಕೆಗೆ ಸಿಕ್ಕವು.

ತೊಂದರೆ ಬಂದದ್ದು ಪ್ರಶ್ನೆಪತ್ರಿಕೆಯಲ್ಲಿ. ಒಬ್ಬ ಹೆಡ್‌ಮಿಸ್ಟ್ರೆಸ್, 'ಸೊಲ್ಯೂಷನ್ ಬಗ್ಗೆ ಕೇಳಿ ನೀವೇ ಕಲಿಸ್ತೀರ ಸಾರ್' ಅಂತ ಪಟ್ಟು ಹಿಡಿದರು. ಏಮ್ಸ್ ನಡೆಸಿದ 2019ರ ರಾಷ್ಟ್ರೀಯ ಸಮೀಕ್ಷೆಯನ್ನು ಅವರಿಗೆ ತೋರಿಸಿದೆ. ಮೂಸುವ ವಸ್ತುಗಳ ಬಳಕೆ 10ರಿಂದ 17 ವರ್ಷದವರಲ್ಲಿ ನೂರಕ್ಕೆ 1.17, ದೊಡ್ಡವರಲ್ಲಿ 0.6ಕ್ಕಿಂತ ಕಡಿಮೆ. ಪ್ರಶ್ನೆ ಉಳಿಯಿತು.

ಹೆಸರು ಬರೆಸುವ ಹಾಗಿಲ್ಲ, ಆದರೆ ಜೂನ್‌ನ ಹಾಳೆಯನ್ನೂ ಫೆಬ್ರವರಿಯ ಹಾಳೆಯನ್ನೂ ಜೋಡಿಸಲೇಬೇಕು. ಅದಕ್ಕೆ ಮಕ್ಕಳೇ ಒಂದು ಕೋಡ್ ಬರೆಯಬೇಕು: ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಿಂಗಳು, ಎಷ್ಟು ಜನ ಅಣ್ಣಂದಿರು. ಈ ಕೊನೆಯದು ಎಲ್ಲಾ ಕೆಡಿಸಿತು. ಜೂನ್‌ನಲ್ಲಿ 'ಒಬ್ಬ' ಅಂತ ಬರೆದ ಹುಡುಗ ಫೆಬ್ರವರಿಯಲ್ಲಿ 'ಐದು' ಅಂತಾನೆ, ದೊಡ್ಡಪ್ಪನ ಮಕ್ಕಳನ್ನೂ ಸೇರಿಸಿ! ಮೂರರಲ್ಲಿ ಒಂದು ಪಾಲು ಹಾಳೆ ಜೋಡಿಯಾಗದೆ ಹೋಯಿತು. ಸುಲ್ತಾನ್‌ಪೇಟೆಯಲ್ಲಿ ಪ್ರಿಂಟ್ ಮಾಡಿಸಿದ ಮೂವತ್ತು ಸಾವಿರದ ಚಿಲ್ಲರೆ ನೀರಿಗೆ ಬಿತ್ತು. ಮುಂದಿನ ವರ್ಷ ಆ ಪ್ರಶ್ನೆ ತೆಗೆದು ಬೇರೆಯದು ಹಾಕಿದೆವು, ನೂರಕ್ಕೆ ತೊಂಬತ್ತರ ಹತ್ತಿರ ಜೋಡಿಯಾದವು. ಯಾವ ಪ್ರಶ್ನೆ ಅಂತ ಇಲ್ಲಿ ಹೇಳೋದಿಲ್ಲ.

ಇನ್ನೊಂದನ್ನೂ ಪೂರ್ತಿ ಹೇಳಲ್ಲ. ಯುರೋಪಿನ ಶಾಲಾ ಸಮೀಕ್ಷೆಯಲ್ಲಿ 'ರೆಲೆವಿನ್' ಅಂತ ಇಲ್ಲದ ಡ್ರಗ್ ಒಂದನ್ನು ಪಟ್ಟಿಯಲ್ಲಿ ಸೇರಿಸಿದ್ದರು. ತಗೊಂಡಿದ್ದೇನೆ ಅಂದವರು ಬುರುಡೆ ಬಿಡುತ್ತಿದ್ದಾರೆ ಅಂತ ಅರ್ಥ. ನಾನೂ ಬೆಂಗಳೂರಿನ ಹುಡುಗರ ಬಾಯಿಗೆ ಹೊಂದುವ ಹೆಸರೊಂದನ್ನು ಹುಟ್ಟಿಸಿದೆ. ಅದನ್ನ ಬರೆದುಬಿಟ್ಟರೆ ಕೆಲಸಕ್ಕೆ ಬರಲ್ಲ, ಅಲ್ವಾ? ಒಂದು ಸೆಕ್ಷನ್‌ನಲ್ಲಿ ಹಿಂದಿನ ಬೆಂಚು ಪೂರ್ತಿ ಅದನ್ನ 'ವಾರಕ್ಕೆ ಮೂರು ಸಲ' ತಗೊಂಡಿತ್ತು.

ಮೊದಲ ವರ್ಷ ನಮ್ಮವರೇ ಪಾಠ ಮಾಡಿದರು. ಮಗುವಿಗೆ ಒಂಬೈನೂರು ರೂಪಾಯಿ ಬಿತ್ತು. ಆ ರೇಟಿನಲ್ಲಿ ಇನ್ನೂರು ಶಾಲೆ ಕನಸಿನ ಮಾತು. ಎರಡನೇ ವರ್ಷ ಶಾಲೆಯ ಟೀಚರ್‌ಗಳ ಕೈಗೆ ಕೈಪಿಡಿ ಕೊಟ್ಟು ನಾವು ಹೊರಗೆ ನಿಂತೆವು. 'ಕೆಟ್ಟುಹೋಗುತ್ತೆ' ಅಂದರು ನಮ್ಮ ಆಫೀಸಿನವರೇ. ಕೆಡುವುದಾದರೆ ಈಗಲೇ ಕೆಡಲಿ, ಅದನ್ನ ನೋಡೋಕೇ ತಾನೇ ಇಷ್ಟೆಲ್ಲಾ ಅಂದೆ. ಟೀಚರ್‌ಗಳಿಗೆ ಓಓಡಿ (ಬೇರೆ ಕಡೆ ಕೆಲಸಕ್ಕೆ ಹೋಗಲು ಅನುಮತಿ) ಸಿಗುವುದು ಕಷ್ಟ ಅಂತ ತರಬೇತಿಯನ್ನು ಮೂರು ದಿನದಿಂದ ಒಂದೂವರೆಗೆ ಇಳಿಸಿದೆವು. ಖರ್ಚು ಇನ್ನೂರೈವತ್ತರ ಆಸುಪಾಸಿಗೆ ಬಂತು, ಅದರಲ್ಲಿ ಊಟ ಮತ್ತು ಆಟೋನೇ ಜಾಸ್ತಿ.

ವೀಕ್ಷಕರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಟೀಚರ್ ನಾಟಕ ಶುರು ಮಾಡುತ್ತಾರೆ. ಅವರ ಲಾಗ್‌ಬುಕ್‌ನಲ್ಲಂತೂ ಎಲ್ಲಾ ಪಾಠವೂ ಪೂರ್ತಿ. ಅದಕ್ಕೆ ಮಾರನೇ ದಿನ ಐದಾರು ಮಕ್ಕಳನ್ನು ಮರದ ಕೆಳಗೆ ಕೂರಿಸಿಕೊಂಡು 'ನಿನ್ನೆ ಏನು ಆಡಿದ್ರಿ?' ಅಂತ ಮಾತ್ರ ಕೇಳಿದೆವು. 'ಆಡಲಿಲ್ಲ ಸಾರ್, ಮಿಸ್ಸು ಶ್ವಾಸಕೋಶದ ಫೋಟೋ ತೋರಿಸಿ ಬೈದ್ರು' ಅಂದರೆ ಗೊತ್ತಾಗುತ್ತಿತ್ತು. ಹೆದರಿಸಿ ಪ್ರಯೋಜನವಿಲ್ಲ ಅಂತ ವಿಶ್ವಸಂಸ್ಥೆಯ 2013ರ ಮಾನದಂಡಗಳೇ ಹೇಳಿದ್ದವು, ಆದರೂ ನಮ್ಮ ಮೇಷ್ಟ್ರುಗಳ ಕೈ ಹೋಗೋದು ಅಲ್ಲಿಗೇ. ಲಾಗ್‌ಬುಕ್ ಪ್ರಕಾರ ಹತ್ತಕ್ಕೆ ಹತ್ತು, ಮಕ್ಕಳ ಪ್ರಕಾರ ಆರು, ಆರೂವರೆ.

ಬೇಡ ಅನ್ನುವ ಆಟದಲ್ಲಿ ಕೈಪಿಡಿಯ ಸಾಲು 'ಬೇಡ, ನನಗೆ ಇಷ್ಟವಿಲ್ಲ'. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಅದನ್ನ ಬಿಟ್ಟು, 'ಮಗಾ, ಅಪ್ಪ ಪಕ್ಕದಲ್ಲೇ ಮಲಗ್ತಾರೆ, ವಾಸ್ನೆ ಬಂದ್ರೆ ಸಾಯಿಸ್ಬಿಡ್ತಾರೆ' ಅಂದ. ಕ್ಲಾಸೆಲ್ಲಾ ನಕ್ಕಿತು, ಎದುರಿನವನು ಪೊಟ್ಟಣ ಜೇಬಿಗೆ ಹಾಕಿಕೊಂಡ. ಈಗ ಕೈಪಿಡಿಯಲ್ಲಿ ಮಕ್ಕಳ ಸಾಲುಗಳೇ ಇವೆ.

ಸುಮ್ನೆ ಕುತೂಹಲಕ್ಕೆ ಒಂದು ಶಾಲೆಯಲ್ಲಿ ಮಕ್ಕಳಿಂದ ಅಂಗಡಿ ನಕ್ಷೆ ಬರೆಸಿದೆ. 2003ರ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವ ಹಾಗಿಲ್ಲ. ಹಗ್ಗ ಹಿಡಿದು ಅಳೆದು ಏಳೋ ಎಂಟೋ ಗುರುತು ಹಾಕಿದರು. ಅದು ನಮ್ಮ ಲೆಕ್ಕಕ್ಕೆ ಸೇರಲ್ಲ, ಆದರೆ ಇಡೀ ವರ್ಷದಲ್ಲಿ ಮಕ್ಕಳು ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಇನ್ನೊಂದಿಲ್ಲ.

ವರ್ಷದ ನಡುವೆ ಮೂರು ನಾಲ್ಕು ಶಾಲೆಯಲ್ಲಿ ತರಬೇತಿ ಪಡೆದ ಟೀಚರ್ ವರ್ಗವಾದರು. ಎರಡನೆಯವರೊಬ್ಬರು ಇದ್ದ ಕಡೆ ಪಾಠ ನಡೆಯಿತು, ಉಳಿದ ಕಡೆ ನಿಂತೇಹೋಯಿತು.

ಫಲಿತಾಂಶ, ನೆನಪಿನಿಂದ: ಕಾಯುವ ಶಾಲೆಗಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ತಂಬಾಕು ಮುಟ್ಟಿದವರು ನೂರಕ್ಕೆ ಆರರಿಂದ ಹತ್ತು ಹನ್ನೊಂದಕ್ಕೆ ಏರಿದರು. ಟೀಚರ್‌ಗಳೇ ನಡೆಸಿದ ಕಡೆ ಏಳೆಂಟಕ್ಕೆ ನಿಂತಿತು. ಕುಡಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೊಲ್ಯೂಷನ್ ಅಂದವರು ಎಷ್ಟು ಕಡಿಮೆ ಅಂದರೆ ಏನೂ ಹೇಳಲಾಗದು.

ಹಾಗಾಗಿ ವರದಿಯಲ್ಲಿ ಬರೆದೆ: ತಂಬಾಕಿನ ಭಾಗ ಕನ್ನಡ ಮಾಧ್ಯಮದ 8, 9ನೇ ತರಗತಿಗೆ ಸಿದ್ಧ, ಶಾಲೆಗೆ ಇಬ್ಬರು ಟೀಚರ್ ಇದ್ದರೆ ಮಾತ್ರ. ಕುಡಿತದ ಭಾಗ ಸಿದ್ಧವಿಲ್ಲ. ಉರ್ದು, ತಮಿಳು ಶಾಲೆಗಳಲ್ಲಿ ಮೊದಲು ನೋಡಬೇಕು. ಇನ್ನೂರರ ಬದಲು ನಲವತ್ತು ಶಾಲೆ ಅಂದೆ, ದುಡ್ಡು ಕೊಡುವವರು ಅರವತ್ತಕ್ಕೆ ಬಂದರು. ಅಳತೆಯ ದುಡ್ಡು ಈ ಸಲ ಮೊದಲ ಕಂತಿನಲ್ಲೇ ಬ್ಯಾಂಕಿಗೆ ಬಂದ ಮೇಲೆ ಸಹಿ ಹಾಕಿದೆ.