ಗ್ರಹದ ಬಾಗಿಲಲ್ಲಿ ಸುಂಕ ಎಷ್ಟಿರಬೇಕು? ಈವ್ ಆನ್‌ಲೈನ್ ಬಣಗಳಿಗೆ ದರ ಕಟ್ಟುವ ಬಗೆ

ಈವ್ ಆನ್‌ಲೈನ್‌ನಲ್ಲಿ ಗ್ರಹದ ಸರಕು ಒಳಹೋಗುವ, ಹೊರಬರುವ ಸುಂಕದ ಕಟ್ಟೆಯಾದ ಕಸ್ಟಮ್ಸ್ ಆಫೀಸ್ ನಿಲ್ಲಿಸಿದ ಸಂಜೆಯೇ ಶೇ 15ರಷ್ಟು ಸುಂಕ ಹಾಕಿ, ತಿಂಗಳಾದರೂ ಖಜಾನೆಗೆ ಬಿಡಿಗಾಸು ಬರಲಿಲ್ಲವೆಂದು ತಲೆಯ ಮೇಲೆ ಕೈ ಹೊತ್ತು ಕೂರುವ ಬಣಗಳನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ಹಡಗು ಓಡಿಸುವುದರಲ್ಲಿ ನುರಿತವರು, ಯುದ್ಧದಲ್ಲಿ ನನಗಿಂತ ಎಷ್ಟೋ ಮೇಲು. ಆದರೆ ದರ ಕಟ್ಟುವಾಗ ತಮ್ಮ ಖರ್ಚನ್ನು ಮಾತ್ರ ನೋಡುತ್ತಾರೆ. ವ್ಯಾಪಾರಿಯ ಕಡೆಯಿಂದ ಲೆಕ್ಕ ಹಾಕಲು ಬಾರದವರು ಸುಂಕ ವಸೂಲಿಗೆ ಇಳಿಯಲೇಬಾರದು. ಆ ಲೆಕ್ಕವನ್ನು ಹೇಗೆ ಹಾಕುವುದೆಂದು ಹೇಳುವುದಕ್ಕಾಗಿಯೇ ಈ ಲೇಖನ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಐಸ್‌ಲ್ಯಾಂಡ್‌ನ ಸಿಸಿಪಿ ಸಂಸ್ಥೆ 2003ರಲ್ಲಿ ಆರಂಭಿಸಿದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ ಮಾರುಕಟ್ಟೆ ನಡೆಯುವುದು ಆಟಗಾರರಿಂದಲೇ. 2011ರ ಕ್ರೂಸಿಬಲ್ ವಿಸ್ತರಣೆಯೊಂದಿಗೆ ಗ್ರಹಗಳ ಕಸ್ಟಮ್ಸ್ ಆಫೀಸ್‌ಗಳು ಕಾರ್ಪೊರೇಶನ್‌ಗಳ, ಅಂದರೆ ಆಟಗಾರರು ಕಟ್ಟಿಕೊಂಡ ಬಣಗಳ ಕೈಗೆ ಬರತೊಡಗಿದವು. 2013ರಲ್ಲಿ ಹೈಸೆಕ್‌ಗೂ, ಅಂದರೆ ಆಟದ ಕಾವಲುಪಡೆ ಇರುವ ಸುರಕ್ಷಿತ ವಲಯಕ್ಕೂ, ಈ ಅವಕಾಶ ಬಂತು. 2016ರ ಸಿಟಡೆಲ್ ವಿಸ್ತರಣೆಯ ನಂತರ ಬಣಗಳು ತಮ್ಮದೇ ನಿಲ್ದಾಣದಲ್ಲಿ ಮಾರುಕಟ್ಟೆ ತೆರೆದು ಖರೀದಿ, ಮಾರಾಟದ ಆರ್ಡರ್ ಇಡುವವರಿಂದ ಬ್ರೋಕರ್ ಶುಲ್ಕವನ್ನೂ ಪಡೆಯಬಹುದಾಯಿತು. ಹೊಸ ಬಣಗಳು ಕಸ್ಟಮ್ಸ್ ಆಫೀಸ್‌ನಿಂದಲೇ ಆರಂಭಿಸಲಿ. ಮಾರುಕಟ್ಟೆಗೆ ಗಂಟೆ ಗಂಟೆಗೂ ಇಂಧನ ಸುರಿಯಬೇಕು, ಇದಕ್ಕೆ ಆ ಖರ್ಚಿಲ್ಲ.

ಹಂತ 1: ಕಟ್ಟುವುದು

ಗ್ಯಾಂಟ್ರಿ (ಕಸ್ಟಮ್ಸ್ ಆಫೀಸ್‌ನ ಚೌಕಟ್ಟು) ನಿಲ್ಲಿಸಿ, ಅದು ಕೇಳುವ ಸಾಮಗ್ರಿ ತುಂಬಿ, ಮೇಲ್ದರ್ಜೆಗೇರಿಸಿ. ಇಷ್ಟೇ.

ಹಂತ 2: ಯಾರಿಗೆ ಯಾವ ದರ

ಒಬ್ಬೊಬ್ಬರಿಗೆ ಒಂದೊಂದು ದರ ಇಡಲು ಆಟ ಅವಕಾಶ ಕೊಡುತ್ತದೆ: ನಿಮ್ಮ ಕಾರ್ಪೊರೇಶನ್, ನಿಮ್ಮ ಅಲಯನ್ಸ್ (ಕಾರ್ಪೊರೇಶನ್‌ಗಳ ಒಕ್ಕೂಟ), ಆಮೇಲೆ ಸ್ಟ್ಯಾಂಡಿಂಗ್‌ಗೆ, ಅಂದರೆ ಮಿತ್ರನೋ ಶತ್ರುವೋ ಎಂದು ಕೊಡುವ ಅಂಕಕ್ಕೆ, ತಕ್ಕಂತೆ ಐದು ಮೆಟ್ಟಿಲು. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಅವರಿಗೆ ಕೊಟ್ಟಿರುವ ಸ್ಟ್ಯಾಂಡಿಂಗ್, ಅವರು ನಿಮಗೆ ಕೊಟ್ಟಿರುವುದಲ್ಲ. ನಮಗೆ ಅವರು ಮಿತ್ರರು, ಆದರೂ ಪೂರ್ತಿ ಸುಂಕ ಏಕೆ ಬೀಳುತ್ತಿದೆ ಎಂದು ಕೇಳುವವರು ಮೊದಲು ತಮ್ಮ ಕಾಂಟ್ಯಾಕ್ಟ್ ಪಟ್ಟಿ ತೆರೆದು ನೋಡಲಿ. ಹತ್ತರಲ್ಲಿ ಒಂಬತ್ತು ಸಲ ಆ ಮಿತ್ರರ ಹೆಸರೇ ಅಲ್ಲಿರುವುದಿಲ್ಲ.

ಸ್ವಂತ ಸದಸ್ಯರಿಗೆ ಸೊನ್ನೆ ಹಾಕುವುದು ವಾಡಿಕೆ. ನಾನು ಶೇ 1 ಇಡುತ್ತೇನೆ, ನೀವೂ ಹಾಗೆಯೇ ಮಾಡಿ. ಹಣದ ಆಸೆಗಲ್ಲ, ಯಾವ ಗ್ರಹದಲ್ಲಿ ಕೆಲಸ ನಡೆಯುತ್ತಿದೆ, ಯಾವುದು ಪಾಳು ಬಿದ್ದಿದೆ ಎಂಬುದು ಕಾರ್ಪೊರೇಶನ್‌ನ ವ್ಯಾಲೆಟ್ ಜರ್ನಲ್ ಎಂಬ ಜಮಾಖರ್ಚಿನ ಪುಸ್ತಕದಲ್ಲಿ ಸಾಲುಸಾಲಾಗಿ ಕಾಣಬೇಕಾದರೆ ಒಂದಿಷ್ಟು ಸುಂಕ ಬೀಳಲೇಬೇಕು.

ಶತ್ರುಗಳಿಗೆ ಬಾಗಿಲು ಮುಚ್ಚಿ, ಸರಿ. ಆದರೆ ತಟಸ್ಥರಿಗೆ ಮುಚ್ಚಬೇಡಿ. ಸುಂಕ ಕಟ್ಟುವವರೇ ಅವರು. ಅವರನ್ನು ಹೊರಗಿಟ್ಟು ಆದಾಯಕ್ಕೆ ಕಾಯುವುದು ಕೆರೆಗೆ ಕಟ್ಟೆ ಹಾಕಿ ಗದ್ದೆಗೆ ನೀರು ಬರಲಿಲ್ಲ ಎಂದಂತೆ.

ಹಂತ 3: ತಟಸ್ಥರ ದರ

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಸುಂಕ ಬೀಳುವುದು ಸರಕಿನ ಮಾರುಕಟ್ಟೆ ಬೆಲೆಯ ಮೇಲಲ್ಲ. ಗ್ರಹದ ಸರಕಿನ ಪ್ರತಿ ದರ್ಜೆಗೂ (ದರ್ಜೆ ಏರಿದಷ್ಟೂ ಹೆಚ್ಚು ಸಂಸ್ಕರಿಸಿದ ಸರಕು) ಆಟ ಒಂದು ಮೂಲಬೆಲೆ ಗೊತ್ತುಮಾಡಿದೆ: ಪಿ1ಕ್ಕೆ 400 ಐಎಸ್‌ಕೆ (ಆಟದ ಹಣ), ಪಿ2ಕ್ಕೆ 7,200, ಪಿ3ಕ್ಕೆ 60,000, ಪಿ4ಕ್ಕೆ 12 ಲಕ್ಷ. ಗ್ರಹದಿಂದ ಹೊರಗೆ ಒಯ್ಯುವಾಗ ಇದರ ಮೇಲೆ ಪೂರ್ತಿ ದರ, ಒಳಗೆ ತರುವಾಗ ಅರ್ಧ ದರ. ಮಾರುಕಟ್ಟೆ ಕುಸಿದರೂ ಮೂಲಬೆಲೆ ಇಳಿಯುವುದಿಲ್ಲ. ಆಗ ಅದೇ ಶೇ 10 ವ್ಯಾಪಾರಿಗೆ ಇನ್ನಷ್ಟು ಭಾರವಾಗುತ್ತದೆ. ಇದನ್ನು ಮರೆತವರೇ ಹೆಚ್ಚು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ವ್ಯಾಪಾರಿ ನಿಮ್ಮ ಗ್ರಹದಲ್ಲಿ ಕೂಲೆಂಟ್ ತಯಾರಿಸುತ್ತಾನೆ. ಪಿ1 ದರ್ಜೆಯ 40 ಎಲೆಕ್ಟ್ರೊಲೈಟ್ಸ್, 40 ವಾಟರ್ ಹಾಕಿದರೆ ಒಂದು ಗಂಟೆಯಲ್ಲಿ ಪಿ2 ದರ್ಜೆಯ 5 ಕೂಲೆಂಟ್ ಬರುತ್ತದೆ. ಕಚ್ಚಾ ಸರಕನ್ನು ಹೊರಗಿನಿಂದ ತರುತ್ತಾನೆ ಎಂದಿಟ್ಟುಕೊಳ್ಳಿ. ನಿಮ್ಮ ದರ ಶೇ 10 ಇದ್ದರೆ ಒಳಗೆ ತರುವ 80 ಪಿ1ಗಳಿಗೆ ತಲಾ 20ರಂತೆ 1,600 ಐಎಸ್‌ಕೆ, ಹೊರಗೆ ಒಯ್ಯುವ ಐದಕ್ಕೆ ತಲಾ 720ರಂತೆ 3,600. ಒಟ್ಟು 5,200, ಅಂದರೆ ಒಂದೊಂದು ಕೂಲೆಂಟ್‌ಗೆ 1,040. ನಿಮ್ಮ ಬಣ ಹೊರಹೋಗುವ 720ನ್ನು ಮಾತ್ರ ನೋಡಿ ಇದೇನು ಹೆಚ್ಚಲ್ಲ ಎಂದುಕೊಂಡಿರುತ್ತದೆ. ಒಳಬರುವ ಸುಂಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೈಸೆಕ್‌ನಲ್ಲಿ ಇನ್ನೊಂದು ಹೊರೆ ಇದೆ. ನಿಮ್ಮ ದರದ ಮೇಲೆ ಆಟವೇ ಶೇ 10 ವಸೂಲು ಮಾಡುತ್ತದೆ. ವ್ಯಾಪಾರಿ ಕಸ್ಟಮ್ಸ್ ಕೋಡ್ ಎಕ್ಸ್‌ಪರ್ಟೀಸ್ ಕೌಶಲವನ್ನು ಐದನೇ ಹಂತದವರೆಗೆ ಕಲಿತಿದ್ದರೆ ಅದು ಶೇ 5ಕ್ಕೆ ಇಳಿಯುತ್ತದೆ. ಅಂಥ ಪಳಗಿದವನನ್ನೇ ಇಟ್ಟುಕೊಂಡು ಲೆಕ್ಕ ಮಾಡಿ, ಏಕೆಂದರೆ ನಿಮಗೆ ಬೇಕಾದ ಗಿರಾಕಿ ಅವನೇ. ನಿಮ್ಮ ಶೇ 10 ಸೇರಿ ಅವನಿಗೆ ಶೇ 15; ಒಂದು ಕೂಲೆಂಟ್‌ಗೆ 1,560. ಪಕ್ಕದ ನಕ್ಷತ್ರ ವ್ಯವಸ್ಥೆಯ ಬಣ ಶೇ 3 ಇಟ್ಟಿದ್ದರೆ ಅಲ್ಲಿ ಒಟ್ಟು ಶೇ 8, ಒಂದಕ್ಕೆ 832. ವ್ಯತ್ಯಾಸ 728. ಹತ್ತು ಘಟಕಗಳು ದಿನಕ್ಕೆ 1,200 ಕೂಲೆಂಟ್ ಮಾಡುತ್ತವೆ. ಅಂದರೆ ದಿನವೊಂದಕ್ಕೆ 8,73,600 ಐಎಸ್‌ಕೆ. ಇಷ್ಟು ಉಳಿಯುತ್ತದೆಂದರೆ ಯಾರಾದರೂ ಗ್ರಹದ ಮೇಲಿನ ಕಮಾಂಡ್ ಸೆಂಟರ್ ಕಿತ್ತು ಪಕ್ಕದ ಊರಿಗೆ ಹೊರಡುತ್ತಾರೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಿದೆ. ಈ ಆಟದಲ್ಲಿ ಯಾರೂ ಹೇಳಿಕೊಳ್ಳಲು ಬರುವುದೂ ಇಲ್ಲ. ಒಮ್ಮೆ ನಮ್ಮದೇ ಆಫೀಸಿನ ಬಳಿ ಕ್ಲೋಕ್ ಹಾಕಿ ಮರೆಯಾಗಿ ನಿಂತು ನೋಡಿದೆ. ಒಂದು ಎಪಿಥಾಲ್ ವಾರ್ಪ್‌ನಿಂದ ಇಳಿಯಿತು. ಗ್ರಹದ ಸರಕು ಸಾಗಿಸಲೆಂದೇ ಇರುವ ದುಂಡು ಹೊಟ್ಟೆಯ ಹಡಗು ಅದು. ಆಫೀಸಿನ ಪಕ್ಕ ಅರ್ಧ ನಿಮಿಷ ನಿಂತಿತು. ನಂತರ ಮೂತಿ ತಿರುಗಿಸಿ ಹೊರಟೇಹೋಯಿತು. ಜರ್ನಲ್ ತೆರೆದೆ: ಹೊಸ ಸಾಲು ಇಲ್ಲ. ಬಂದವನು ದರ ನೋಡಿದ, ಲೆಕ್ಕ ಹಾಕಿದ, ಹೋದ. ಆ ರಾತ್ರಿಯೇ ಶೇ 12ರಿಂದ ಶೇ 4ಕ್ಕೆ ಇಳಿಸಿದೆವು.

ಹಾಗಾದರೆ ಎಷ್ಟು ಇಡಬೇಕು? ಸುತ್ತಲಿನ ನಾಲ್ಕೈದು ವ್ಯವಸ್ಥೆಗಳಿಗೆ ನೀವೇ ಹೋಗಿ ತಟಸ್ಥರ ದರ ಬರೆದುಕೊಳ್ಳಿ. ಅವುಗಳಲ್ಲಿ ಕಡಿಮೆಯದನ್ನು ಹಿಡಿಯಿರಿ. ನಿಮ್ಮ ವ್ಯವಸ್ಥೆ ವ್ಯಾಪಾರ ಕೇಂದ್ರಕ್ಕೆ ಹತ್ತಿರವಿದ್ದರೆ ಒಂದು ಶೇಕಡಾ ಸೇರಿಸಬಹುದು. ದೂರವಿದ್ದರೆ ಅದಕ್ಕಿಂತ ಕೆಳಗೇ ಇರಬೇಕು. ಹೈಸೆಕ್‌ನಲ್ಲಿ ಶೇ 5 ದಾಟಲೇಬೇಡಿ. ಕಾವಲು ಕಡಿಮೆಯಿರುವ ಲೋಸೆಕ್‌ನಲ್ಲಿ ಆಟದ ಶೇ 10 ಇಲ್ಲದ ಕಾರಣ ಹೆಚ್ಚು ಕೇಳಬಹುದೆಂದು ವಾದಿಸುವವರಿದ್ದಾರೆ. ಅಲ್ಲಿಗೆ ಬರುವವನು ಹಡಗನ್ನೇ ಪಣಕ್ಕಿಟ್ಟು ಬರುತ್ತಾನೆ; ಆ ಅಪಾಯವೂ ಅವನ ಖರ್ಚೇ. ದಾರಿಗೆ ಕಾವಲು ಕೊಡುವ ಶಕ್ತಿ ನಿಮ್ಮ ಬಣಕ್ಕಿದ್ದರೆ ಮಾತ್ರ ಹೆಚ್ಚು ಕೇಳಿ.

ಒಂದು ಎಚ್ಚರಿಕೆ: ಲಾಭ ಲೆಕ್ಕ ಹಾಕಿ ಕೊಡುವ ಸಿದ್ಧ ಸ್ಪ್ರೆಡ್‌ಶೀಟ್‌ಗಳು ಕೈಯಿಂದ ಕೈಗೆ ಓಡಾಡುತ್ತಿವೆ. ನಾನು ನೋಡಿದ ಹಲವು ಶೀಟ್‌ಗಳಲ್ಲಿ ಒಳಬರುವ ಸುಂಕದ ಕಲಂ ಇಲ್ಲವೇ ಇಲ್ಲ. ಒಂದರಲ್ಲಂತೂ ಸುಂಕವನ್ನು ಮಾರುಕಟ್ಟೆ ಬೆಲೆಯ ಮೇಲೆ ಹಾಕಿದ್ದರು. ಮೇಲಿನ ನಾಲ್ಕು ಮೂಲಬೆಲೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅಂಥ ಶೀಟ್ ಬೇಕಾಗಿಯೇ ಇಲ್ಲ.

ಹಂತ 4: ಮಾರುಕಟ್ಟೆ ತೆರೆಯುವವರಿಗೆ

ಮಾರುಕಟ್ಟೆಯಲ್ಲೂ ಇದೇ ತರ್ಕ. ಎನ್‌ಪಿಸಿ (ಆಟವೇ ನಡೆಸುವ) ಸ್ಟೇಷನ್‌ನಲ್ಲಿ ಬ್ರೋಕರ್ ಶುಲ್ಕ ಶೇ 3ರಿಂದ ಆರಂಭವಾಗುತ್ತದೆ. ಬ್ರೋಕರ್ ರಿಲೇಷನ್ಸ್ ಕೌಶಲ ಪೂರ್ತಿ ಕಲಿತವನಿಗೆ ಅದು ಶೇ 1.5, ಒಳ್ಳೆಯ ಸ್ಟ್ಯಾಂಡಿಂಗ್ ಇದ್ದರೆ ಇನ್ನೂ ಕಡಿಮೆ. ನಿಮ್ಮ ನಿಲ್ದಾಣದಲ್ಲಿ ಆ ಕೌಶಲಕ್ಕೆ ಬೆಲೆಯಿಲ್ಲ. ನೀವು ಹಾಕಿದ್ದೇ ಶುಲ್ಕ, ಅದರ ಮೇಲೆ ಆಟ ಹಾಕುವ ಶೇ 0.5 ಬೇರೆ. ಹಾಗಾಗಿ ಶೇ 3ಕ್ಕಿಂತ ಕಡಿಮೆ ಇಟ್ಟಿದ್ದೇವೆ ಎಂಬ ಹೆಮ್ಮೆಗೆ ಅರ್ಥವಿಲ್ಲ. ನಿಮ್ಮದೂ ಆ ಅರ್ಧವೂ ಸೇರಿ ಶೇ 1ರ ಒಳಗಿದ್ದರೆ ಮಾತ್ರ ದೊಡ್ಡ ವ್ಯಾಪಾರಿ ಕದಲುತ್ತಾನೆ. ಆಟದ ಅತಿ ದೊಡ್ಡ ವ್ಯಾಪಾರ ಕೇಂದ್ರವಾದ ಜೀಟಾದ ಪಕ್ಕದ ಪೆರಿಮೀಟರ್ ವ್ಯವಸ್ಥೆಯಲ್ಲಿ ಆಟಗಾರರು ನಡೆಸಿದ ಟ್ರಾಂಕ್ವಿಲಿಟಿ ಟ್ರೇಡಿಂಗ್ ಟವರ್ ಜನರನ್ನು ಸೆಳೆದದ್ದು ಜೀಟಾಗಿಂತ ಅಗ್ಗದ ಶುಲ್ಕದಿಂದಲೇ. ಮಾರಾಟ ತೆರಿಗೆ ನಿಮಗೆ ಸೇರುವುದಿಲ್ಲ, ಅದನ್ನು ಆದಾಯದ ಅಂದಾಜಿಗೆ ಸೇರಿಸಬೇಡಿ. ಬಾಹ್ಯಾಕಾಶದಲ್ಲಿ ಇಂಥ ನಿಲ್ದಾಣ ಹೊಂದಿದ ಕಾರ್ಪೊರೇಶನ್ ಮೇಲೆ ಹೈಸೆಕ್‌ನಲ್ಲಿ ಯುದ್ಧ ಸಾರಬಹುದು ಎಂಬುದನ್ನೂ ಸದಸ್ಯರಿಗೆ ಮೊದಲೇ ತಿಳಿಸಿ.

ಹಂತ 5: ದರ ಬದಲಾವಣೆ, ಕಾವಲು

ಇಳಿಸುವುದಾದರೆ ಈಗಲೇ ಇಳಿಸಿ. ಏರಿಸುವುದಾದರೆ ಒಂದು ವಾರ ಮುಂಚೆ ಜರ್ನಲ್‌ನಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಆಟದೊಳಗೇ ಮೇಲ್ ಕಳಿಸಿ. ನಡುರಾತ್ರಿ ಏರಿಸಿ ಬೆಳಗ್ಗೆ ವಸೂಲು ಮಾಡುವವರ ಹತ್ತಿರ ಎರಡನೇ ಸಲ ಯಾರೂ ಬರುವುದಿಲ್ಲ. ಬದಲಾವಣೆಯ ನಂತರ ಎರಡು ವಾರ ಕಾದು ಜರ್ನಲ್ ನೋಡಿ: ಮೊತ್ತಕ್ಕಿಂತ ಮುಂಚೆ ಹೆಸರುಗಳನ್ನು ಎಣಿಸಿ. ಹೆಸರು ಕಡಿಮೆಯಾಗಿ ಮೊತ್ತ ಹೆಚ್ಚಿದ್ದರೆ ದರ ಹೆಚ್ಚಾಗಿದೆ ಎಂದೇ ತಿಳಿಯಿರಿ. ಉಳಿದವರು ಹೊಸ ಜಾಗ ಹುಡುಕುತ್ತಿದ್ದಾರೆ, ಅಷ್ಟೇ.

ಕೊನೆಯ ಕೆಲಸ ರೀಇನ್‌ಫೋರ್ಸ್ ಸಮಯ. ಕಸ್ಟಮ್ಸ್ ಆಫೀಸ್‌ಗೆ ತನ್ನದೇ ಬಂದೂಕು ಇಲ್ಲ. ಯಾರಾದರೂ ಬಡಿದರೆ ಅದು ಕೆಲಕಾಲ ಪೆಟ್ಟು ತಾಗದ ರೀಇನ್‌ಫೋರ್ಸ್ ಸ್ಥಿತಿಗೆ ಹೋಗುತ್ತದೆ; ಮತ್ತೆ ಬಯಲಿಗೆ ಬರುವ ಗಂಟೆಯನ್ನು ನೀವೇ ಆರಿಸಿಡಬೇಕು. ನಿಮ್ಮವರಲ್ಲಿ ಅತಿ ಹೆಚ್ಚು ಮಂದಿ ಎಚ್ಚರವಿದ್ದು ಹಡಗಿನಲ್ಲಿ ಕೂತಿರುವ ಗಂಟೆ ಯಾವುದೋ ಅದನ್ನೇ ಹಾಕಿ, ಸದಸ್ಯರು ಬದಲಾದಾಗಲೆಲ್ಲ ಅದನ್ನು ಮತ್ತೆ ತೆರೆದು ನೋಡಿ.